ಇಪ್ಪತ್ತೊಂದು ದಿನಗಳ ಚುಚ್ಚುಮದ್ದು: ಹರೆಯದ ಮಕ್ಕಳು ಅದನ್ನು ಏಕೆ ಬಿಡುತ್ತಾರೆ?

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವೆಂದು ಹಲವರು ತಿಳಿದಿದ್ದಾರೆ. ಹುಟ್ಟಿದ ಮಕ್ಕಳು ಆರೋಗ್ಯವಂತರಾಗಿ ಬೆಳೆದು, ದುಡಿಯುವ ವಯಸ್ಸನ್ನು ಮುಟ್ಟಿ, ತಾವೂ ಸಂಸಾರಸ್ಥರಾಗುವಂತೆ ನೋಡಿಕೊಳ್ಳುವುದೂ ಅದರಷ್ಟೇ ಮುಖ್ಯವಾದ ಭಾಗ. ಎಳೆಯ ಶಿಶುವಿಗೆ ಲಸಿಕೆ ಹಾಕಿಸುವ ವಿಷಯದಲ್ಲಿ ನಮ್ಮ ಗ್ರಾಮಗಳ ತಾಯಿತಂದೆಯರು ಇಂದು ಬಹಳಮಟ್ಟಿಗೆ ಎಚ್ಚರವಾಗಿದ್ದಾರೆ. ಆದರೆ ಹನ್ನೆರಡು ಹದಿಮೂರು ವರ್ಷದ ಮಗನೋ ಮಗಳೋ ವರ್ಷಗಟ್ಟಲೆ ಔಷಧವನ್ನು ಪಡೆಯಬೇಕಾಗಿ ಬಂದಾಗ, ಅದರಲ್ಲಿಯೂ ಮೈಯಲ್ಲಿ ಯಾವ ನೋವೂ ಇಲ್ಲದಿರುವಾಗ, ಆ ಎಚ್ಚರವು ಮೆಲ್ಲಮೆಲ್ಲನೆ ಸಡಿಲವಾಗುವುದನ್ನು ನಾವು ಕಾಣುತ್ತೇವೆ. ಇಂತಹ ಔಷಧಗಳಲ್ಲಿ ಒಂದನ್ನು ಈ ಪಾಠದಲ್ಲಿ ತೆಗೆದುಕೊಳ್ಳಲಾಗಿದೆ. ಕೀಲುವಾತಜ್ವರ ಬಂದುಹೋದ ಮಕ್ಕಳಿಗೆ ಮೂರು ವಾರಗಳಿಗೊಮ್ಮೆ ಕೊಡಿಸಬೇಕಾದ ಪೆನಿಸಿಲಿನ್ ಚುಚ್ಚುಮದ್ದೇ ಅದು. ದಂಪತಿಗಳಿಬ್ಬರೂ ಕೂಡಿ ಓದಬೇಕೆಂದು ನಮ್ಮ ಕೋರಿಕೆ. ಏಕೆಂದರೆ ಈ ಪಾಠದ ಕೊನೆಯ ಭಾಗವು ನಿಮ್ಮ ಮಕ್ಕಳಿಗಷ್ಟೇ ಅಲ್ಲದೆ, ನಿಮಗೇ ಸಂಬಂಧಿಸಿರಲೂಬಹುದು.

ಗಂಟಲಿನಿಂದ ಹೃದಯಕ್ಕೆ

ಕೀಲುವಾತಜ್ವರವನ್ನು ವೈದ್ಯರು ರುಮ್ಯಾಟಿಕ್ ಜ್ವರವೆಂದು ಕರೆಯುತ್ತಾರೆ. ವಯಸ್ಸಾದವರನ್ನು ಕಾಡುವ ಮಂಡಿನೋವಿಗೂ ಇದಕ್ಕೂ ಸಂಬಂಧವಿಲ್ಲ. ಇದು ಮುಖ್ಯವಾಗಿ 5ರಿಂದ 15 ವರ್ಷದೊಳಗಿನ ಮಕ್ಕಳ ಕಾಯಿಲೆ. ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯಿಂದ ಮಗುವಿನ ಗಂಟಲು ಕೆಡುತ್ತದೆ. ನೋವು, ಜ್ವರ, ನುಂಗಲು ಕಷ್ಟ. ಕೆಲವು ದಿನಗಳಲ್ಲಿ ಅದು ತಾನಾಗಿ ಶಮನವಾಗುವುದರಿಂದ ಮನೆಯವರು ಮರೆತುಬಿಡುತ್ತಾರೆ. ಆದರೆ ಆ ಜೀವಿಯನ್ನು ಎದುರಿಸಲೆಂದು ದೇಹವು ಸಿದ್ಧಪಡಿಸಿದ ರಕ್ಷಣಾಶಕ್ತಿಯು ಕೆಲವು ಮಕ್ಕಳಲ್ಲಿ ದಾರಿತಪ್ಪಿ, ತನ್ನದೇ ಕೀಲುಗಳನ್ನೂ ಹೃದಯವನ್ನೂ ಶತ್ರುವೆಂದು ಬಗೆದು ಅವುಗಳ ಮೇಲೆರಗುತ್ತದೆ. ಗಂಟಲುನೋವು ಹೋದ ಎರಡು ಮೂರು ವಾರಗಳ ಮೇಲೆ ಮಗುವಿಗೆ ಪುನಃ ಜ್ವರ ಬರುತ್ತದೆ. ಮಂಡಿ, ಪಾದದ ಗಂಟು, ಮೊಣಕೈಗಳು ಬಾತು ನೋಯುತ್ತವೆ. ಇಂದು ಒಂದು ಕೀಲು, ನಾಳೆ ಮತ್ತೊಂದು. ಕೆಲವರಲ್ಲಿ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ, ಕೈಕಾಲು ಮುಖಗಳು ತಾವಾಗಿ ಅದುರುವುದುಂಟು. ಬರೆಯುವ ಅಕ್ಷರ ಕೆಡುತ್ತದೆ, ಹಿಡಿದ ಲೋಟ ಕೈಜಾರಿ ಬೀಳುತ್ತದೆ. ಇದನ್ನು ಗಾಳಿ ಸೋಕಿದೆಯೆಂದು ಬಗೆದು ಯಂತ್ರ ಕಟ್ಟಿಸುವವರೂ, ತುಂಟತನವೆಂದು ಗದರಿಸುವವರೂ ಇದ್ದಾರೆ.

ಕೀಲುಗಳ ಊತವು ಕೆಲವು ವಾರಗಳಲ್ಲಿ ಯಾವ ಕುರುಹನ್ನೂ ಉಳಿಸದೆ ಇಳಿದುಹೋಗುತ್ತದೆ. ಹೃದಯದ ವಿಷಯ ಹಾಗಲ್ಲ. ಕೆರೆಯ ತೂಬನ್ನು ನೀವು ನೋಡಿದ್ದೀರಿ. ಅದರ ಬಾಗಿಲು ಸರಿಯಾಗಿ ತೆರೆಯದಿದ್ದರೆ ಗದ್ದೆಗೆ ನೀರಿಲ್ಲ. ಸರಿಯಾಗಿ ಮುಚ್ಚದಿದ್ದರೆ ಕೆರೆಯಲ್ಲಿ ನೀರು ನಿಲ್ಲದು. ಹೃದಯದೊಳಗೆ ರಕ್ತವು ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುವ ಕವಾಟಗಳೂ ಇಂತಹ ಬಾಗಿಲುಗಳೇ. ಜನರು ಇವನ್ನು ವಾಲ್ವುಗಳೆನ್ನುತ್ತಾರೆ. ಕೀಲುವಾತಜ್ವರದಿಂದ ಕವಾಟದ ತೆಳುಪೊರೆಯು ಬಾತು, ಆಮೇಲೆ ಗಾಯ ಮಾಯ್ದ ಚರ್ಮದಂತೆ ದಪ್ಪನಾಗಿ ಸುಕ್ಕುಗಟ್ಟುತ್ತದೆ. ಮೊದಲ ಸಲದ ಜ್ವರದಲ್ಲಿ ಆಗುವ ಹಾನಿಯು ಅನೇಕ ಮಕ್ಕಳಲ್ಲಿ ಅಲ್ಪವಾಗಿರುತ್ತದೆ. ಒಮ್ಮೆ ಈ ಜ್ವರ ಬಂದ ಮಗುವಿಗೆ ಮುಂದಿನ ಗಂಟಲುಬೇನೆಯಲ್ಲಿ ಅದು ಮರುಕಳಿಸುವ ಸಂಭವ ಉಳಿದ ಮಕ್ಕಳಿಗಿಂತ ಬಹಳ ಹೆಚ್ಚು. ಎರಡನೆಯ ಸಲ, ಮೂರನೆಯ ಸಲ ಮರುಕಳಿಸಿದಂತೆಲ್ಲ ಹಾನಿಯು ಬೆಳೆಯುತ್ತಾ ಹೋಗುತ್ತದೆ. ನಾವು ತಡೆಯಬೇಕಾದುದು ಈ ಮರುಕಳಿಕೆಯನ್ನು.

ಅದಕ್ಕಾಗಿಯೇ ಬೆಂಜಥೀನ್ ಪೆನಿಸಿಲಿನ್ ಎಂಬ ಚುಚ್ಚುಮದ್ದು. ಪೆನಿಡ್ಯೂರ್ ಎಂಬ ಹೆಸರಿನಿಂದಲೂ ಇದು ಅನೇಕರಿಗೆ ಪರಿಚಿತ. 1950ರ ದಶಕದ ಆರಂಭದಿಂದ ಬಳಕೆಯಲ್ಲಿರುವ, ಅಲ್ಪವೆಚ್ಚದ ಹಳೆಯ ಔಷಧವಿದು. ಮಾಂಸಖಂಡದೊಳಗೆ ಸೇರಿದ ಮದ್ದು ಅಲ್ಲಿಯೇ ನೆಲೆನಿಂತು, ಸುಮಾರು ಮೂರು ವಾರಗಳ ಕಾಲ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತಾ, ಸ್ಟ್ರೆಪ್ಟೊಕಾಕಸ್ ಜೀವಿಯು ಗಂಟಲಿನಲ್ಲಿ ಬೇರೂರದಂತೆ ಕಾಯುತ್ತದೆ. 27 ಕಿಲೋಗ್ರಾಂಗಿಂತ ಹೆಚ್ಚು ತೂಕದ ಮಕ್ಕಳಿಗೆ 12 ಲಕ್ಷ ಯೂನಿಟ್ಟುಗಳನ್ನು 21 ದಿನಗಳಿಗೊಮ್ಮೆ ಕೊಡಲಾಗುತ್ತದೆ. ಅದಕ್ಕಿಂತ ಕಡಿಮೆ ತೂಕದವರ ಪ್ರಮಾಣವನ್ನೂ ಅಂತರವನ್ನೂ ವೈದ್ಯರು ಬೇರೆಯಾಗಿ ನಿಗದಿಪಡಿಸುತ್ತಾರೆ.

ಎಷ್ಟು ಕಾಲ? ಇಲ್ಲಿಯೇ ಮನೆಯವರು ಎದೆಗುಂದುವುದು. ಹೃದಯಕ್ಕೆ ಏನೂ ಆಗಿಲ್ಲದಿದ್ದರೆ ಕೊನೆಯ ಜ್ವರದಿಂದ 5 ವರ್ಷ ಅಥವಾ 18 ವರ್ಷ ವಯಸ್ಸು ತುಂಬುವವರೆಗೆ, ಇವೆರಡರಲ್ಲಿ ಯಾವುದು ದೀರ್ಘವೋ ಅಷ್ಟು ಕಾಲ. ಹೃದಯಕ್ಕೆ ಪೆಟ್ಟು ತಟ್ಟಿದ್ದರೆ 10 ವರ್ಷ ಅಥವಾ 25 ವರ್ಷ ವಯಸ್ಸಿನವರೆಗೆ. ಕವಾಟವು ಬಹಳ ಕೆಟ್ಟಿದ್ದರೆ ಅಥವಾ ಶಸ್ತ್ರಚಿಕಿತ್ಸೆಯಾಗಿದ್ದರೆ 40ರವರೆಗೆ, ಕೆಲವರಿಗೆ ಜೀವಮಾನವಿಡೀ. ವರ್ಷಕ್ಕೆ 17 ಚುಚ್ಚುಮದ್ದುಗಳಂತೆ ಲೆಕ್ಕ ಹಾಕಿ ನೋಡಿ. ಹನ್ನೊಂದನೆಯ ವಯಸ್ಸಿನಲ್ಲಿ ಹೃದಯಕ್ಕೆ ಪೆಟ್ಟು ತಿಂದ ಬಾಲಕಿಯು 25 ತುಂಬುವುದರೊಳಗೆ ಸುಮಾರು 240 ಸಲ ಈ ಸೂಜಿಯನ್ನು ಸಹಿಸಬೇಕು. ಇದು ಸಣ್ಣ ಮಾತಲ್ಲ. ಮಕ್ಕಳು ಬಿಟ್ಟುಬಿಡುತ್ತಾರೆಂದು ದೂರುವ ಮುನ್ನ ನಾವು ಹಿರಿಯರು ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳತಕ್ಕದ್ದು.

ಚೆನ್ನಾಗಿದ್ದೇನೆ, ಇನ್ನೇಕೆ ಔಷಧ?

ಬಿಡುವುದಕ್ಕೆ ಮೊದಲ ಕಾರಣ ಆರೋಗ್ಯವೇ. ನಮ್ಮ ಮನೆಗಳಲ್ಲಿ ಔಷಧಕ್ಕೆ ಒಂದು ಹಳೆಯ ನಿಯಮವುಂಟು: ನೋವು ಇರುವವರೆಗೆ ಮದ್ದು, ನೋವು ನಿಂತರೆ ಮದ್ದೂ ನಿಂತಿತು. ತಲೆನೋವಿಗೆ, ಭೇದಿಗೆ ಈ ನಿಯಮ ಸಾಕು. ಮುಂಜಾಗ್ರತೆಯ ಔಷಧಕ್ಕೆ ಇದು ಹೊಂದದು. ಹೊಲಕ್ಕೆ ಬೇಲಿ ಹಾಕಿದವನಿಗೆ ಬೇಲಿಯಿಂದ ದೊರೆತ ಲಾಭವು ಕಣ್ಣಿಗೆ ಕಾಣುವುದಿಲ್ಲ. ಒಳನುಗ್ಗದೇ ಹೋದ ದನಗಳನ್ನು ಎಣಿಸಿದವರಾರು? ಚುಚ್ಚುಮದ್ದು ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದರೆ ಏನೂ ಆಗುವುದಿಲ್ಲ. ಆ 'ಏನೂ ಆಗದಿರುವುದೇ' ಅದರ ಫಲ. ಹದಿನಾಲ್ಕು ವರ್ಷದ ಹುಡುಗನಿಗೆ ಇದನ್ನು ನಂಬುವುದು ಕಷ್ಟ. ಅವನ ಕಣ್ಣಿಗೆ ಕಾಣುವುದು ಸೂಜಿಯ ನೋವು ಮಾತ್ರ.

ಉಗಾಂಡಾ ದೇಶದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಈ ಕಾಣದ ಫಲವನ್ನು ಎಣಿಸಿ ತೋರಿಸಿದೆ. ಯಾವ ತೊಂದರೆಯನ್ನೂ ಹೇಳಿಕೊಳ್ಳದಿದ್ದ, ಆದರೆ ಎಕೋ ಪರೀಕ್ಷೆಯಲ್ಲಿ ಕವಾಟದ ಮೊದಲ ದೋಷ ಕಂಡುಬಂದಿದ್ದ 5ರಿಂದ 17 ವರ್ಷದ 818 ಮಕ್ಕಳನ್ನು ಎರಡು ಸಮಪಾಲಿನ ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ನಾಲ್ಕು ವಾರಗಳಿಗೊಮ್ಮೆ ಈ ಚುಚ್ಚುಮದ್ದನ್ನು ಕೊಡಲಾಯಿತು. ಎರಡು ವರ್ಷಗಳ ಬಳಿಕ, ಮದ್ದು ಪಡೆಯದ ಗುಂಪಿನ 33 ಮಕ್ಕಳಲ್ಲಿ ದೋಷವು ಹೆಚ್ಚಿತ್ತು. ಪಡೆದ ಗುಂಪಿನಲ್ಲಿ ಮೂವರಲ್ಲಿ ಮಾತ್ರ. ನಿಮ್ಮ ಮಗನಿಗೆ ಅಥವಾ ಮಗಳಿಗೆ ಈ ಅಂಕಿಗಳನ್ನು ಹೇಳಿರಿ. ಹರೆಯದವರು ಗದರಿಕೆಗೆ ಕಿವಿಗೊಡದಿದ್ದರೂ ಕಾರಣಕ್ಕೆ ಕಿವಿಗೊಡುತ್ತಾರೆ. ಎಕೋ ಪರೀಕ್ಷೆಗೆ ಹೋದಾಗ ವೈದ್ಯರು ಪರದೆಯ ಮೇಲೆ ಮಿಡಿಯುವ ಕವಾಟವನ್ನು ಮಗುವಿಗೆ ತೋರಿಸಿ ವಿವರಿಸುವಂತೆ ಕೇಳಿಕೊಳ್ಳಬಹುದು; ತನ್ನ ಹೃದಯವನ್ನು ತಾನೇ ಕಂಡ ಹುಡುಗನು ಅದನ್ನು ಅಷ್ಟು ಬೇಗ ಮರೆಯಲಾರನು.

ಮನೆಯಲ್ಲಿ ಮಾತುಕತೆ ಹೇಗಿರಬೇಕೆಂಬುದಕ್ಕೆ ಒಂದು ಉದಾಹರಣೆ.

"ಅವ್ವ, ನಿನ್ನೆ ಕಬಡ್ಡಿಯಲ್ಲಿ ನಮ್ಮ ಶಾಲೆ ಗೆದ್ದದ್ದು ನನ್ನಿಂದಲೇ. ನನಗೇನಾಗಿದೆ? ಈ ಸಲ ಸೂಜಿ ಬೇಡ."

"ಗೆದ್ದದ್ದು ನಿಜ, ಮಗ. ಮೂರು ವರ್ಷದ ಹಿಂದೆ ನಿನ್ನನ್ನು ನಿಮ್ಮಪ್ಪ ಹೊತ್ತುಕೊಂಡು ಬಸ್ಸಿಗೆ ಹತ್ತಿಸಿದ್ದು ನೆನಪಿದೆಯೆ? ಆ ಮಂಡಿಯಿಂದಲೇ ನಿನ್ನೆ ಆಡಿದ್ದು. ಸೂಜಿ ನೋಯುತ್ತದೆ, ಅದು ನನಗೂ ಗೊತ್ತು. ನಾಳೆ ಸಿಸ್ಟರನ್ನು ಕೇಳೋಣ, ನೋವು ಕಡಿಮೆಯಾಗಲು ಏನು ಮಾಡಬಹುದೆಂದು."

ಈ ತಾಯಿ ಹೆದರಿಸಲಿಲ್ಲ, ನೋವನ್ನು ಅಲ್ಲಗಳೆಯಲೂ ಇಲ್ಲ. ವೈದ್ಯರು ಅನುಮತಿಸಿದಷ್ಟು ಆಟವನ್ನು ಮಗನಿಂದ ಕಿತ್ತುಕೊಳ್ಳಲಿಲ್ಲ ಎಂಬುದನ್ನೂ ಗಮನಿಸಿ. ಹೃದಯದ ಹೆಸರು ಕೇಳಿದೊಡನೆ ಮಗುವನ್ನು ಗಾಜಿನ ಬೊಂಬೆಯಂತೆ ಮೂಲೆಯಲ್ಲಿ ಕೂರಿಸುವ ಮನೆಗಳುಂಟು. ಅಂತಹ ಮಗುವು ತಾನು ರೋಗಿಯಲ್ಲವೆಂದು ಗೆಳೆಯರಿಗೆ ತೋರಿಸುವುದಕ್ಕಾಗಿಯೇ ಔಷಧವನ್ನು ಬಿಡುತ್ತದೆ.

ಸೂಜಿಯ ನೋವು ಮತ್ತು ಮಾನದ ಪ್ರಶ್ನೆ

ಈ ಚುಚ್ಚುಮದ್ದು ನಿಜವಾಗಿಯೂ ನೋಯಿಸುತ್ತದೆ. ಬಿಳಿಯ ಪುಡಿಯನ್ನು ಶುದ್ಧಜಲದಲ್ಲಿ ಕಲಸಿದಾಗ ಅದು ಹಾಲಿನಂತೆ ತಿಳಿಯಾಗಿರದೆ ಗಟ್ಟಿಯಾಗಿರುತ್ತದೆ. ದಪ್ಪ ಸೂಜಿ ಬೇಕಾಗುತ್ತದೆ. ಒಮ್ಮೊಮ್ಮೆ ಸೂಜಿ ಕಟ್ಟಿಕೊಂಡು ಎರಡನೆಯ ಸಲ ಚುಚ್ಚಬೇಕಾಗುವುದೂ ಉಂಟು. ಆ ಭಾಗವು ಒಂದೆರಡು ದಿನ ನೋಯುತ್ತಿರುತ್ತದೆ. ನೋವಿಗಿಂತ ಅದರ ನಿರೀಕ್ಷೆಯೇ ಹೆಚ್ಚು ಕಾಡುತ್ತದೆಂದು ಮಕ್ಕಳು ಹೇಳುತ್ತಾರೆ. ಎರಡು ದಿನ ಮೊದಲೇ ಊಟ ಸೇರದವರೂ ಇದ್ದಾರೆ.

ನೋವನ್ನು ಪೂರ್ತಿ ನಿವಾರಿಸಲಾಗದಿದ್ದರೂ ತಗ್ಗಿಸುವ ಉಪಾಯಗಳಿವೆ. ಕಲಸಿದ ಮದ್ದು ತಣ್ಣಗಿರದೆ ಕೋಣೆಯ ಬೆಚ್ಚನೆಗೆ ಬಂದಿರಬೇಕು. ಚುಚ್ಚುವ ಜಾಗವನ್ನು ಹೆಬ್ಬೆರಳಿನಿಂದ ಹತ್ತು ಸೆಕೆಂಡುಗಳಷ್ಟು ಒತ್ತಿಹಿಡಿದು ಅನಂತರ ಚುಚ್ಚಿದರೆ ನೋವು ಕಡಿಮೆ. ಮದ್ದನ್ನು ಒಂದೇ ಬಾರಿಗೆ ನೂಕದೆ ಎರಡು ಮೂರು ನಿಮಿಷ ತೆಗೆದುಕೊಂಡು ನಿಧಾನವಾಗಿ ಇಳಿಸಬೇಕು. ಬೇಕಾದಲ್ಲಿ ನೋವಿನ ಅರಿವು ತಗ್ಗಿಸುವ ಔಷಧವನ್ನು ಕೂಡಿಸುವುದನ್ನು ವೈದ್ಯರು ನಿರ್ಧರಿಸುತ್ತಾರೆ. ಎಡಬಲಗಳನ್ನು ಸರದಿಯಂತೆ ಬದಲಿಸುವುದೂ ಒಳ್ಳೆಯದು. ಕೇಂದ್ರದಲ್ಲಿ ಜನಸಂದಣಿ ಇದ್ದಾಗ ಈ ಸಾವಧಾನವು ತಪ್ಪುತ್ತದೆ; ಆದ್ದರಿಂದ ಬೆಳಗಿನ ಗುಂಪು ಕರಗಿದ ಹೊತ್ತಿಗೆ ಬರಬಹುದೆ ಎಂದು ಸಿಬ್ಬಂದಿಯನ್ನು ಕೇಳಿಕೊಳ್ಳಿರಿ. ಇದನ್ನು ಕೇಳಲು ಸಂಕೋಚಪಡಬೇಕಾದುದಿಲ್ಲ.

ಮಾನದ ಪ್ರಶ್ನೆಯನ್ನು ಹಿರಿಯರು ಮರೆಯುತ್ತಾರೆ. ಎಂಟು ವರ್ಷದ ಹುಡುಗಿಯು ಸೊಂಟದ ಕೆಳಗೆ ಚುಚ್ಚಿಸಿಕೊಳ್ಳಲು ಅಳುತ್ತಾಳೆ, ಅಷ್ಟೆ. ಹದಿನಾಲ್ಕರ ಹುಡುಗಿಯು ಬಾಗಿಲಿಲ್ಲದ ಕೋಣೆಯಲ್ಲಿ, ಊರಿನವರು ಸಾಲುನಿಂತಿರುವಾಗ ಅದಕ್ಕೆ ಒಪ್ಪುವುದಾದರೂ ಹೇಗೆ? ಅವಳು ಕಾರಣವನ್ನು ಬಾಯಿಬಿಟ್ಟು ಹೇಳುವುದಿಲ್ಲ. "ಇವತ್ತು ಪರೀಕ್ಷೆ ಇದೆ" ಎಂದುಬಿಡುತ್ತಾಳೆ. ಪರದೆಯ ಮರೆ, ಮಹಿಳಾ ಸಿಬ್ಬಂದಿ, ತಾಯಿಯೋ ಅಕ್ಕನೋ ಜೊತೆಗಿರುವುದು, ಇಷ್ಟಾದರೆ ಅನೇಕ ಹುಡುಗಿಯರ ಹಿಂಜರಿಕೆಯು ಕಳೆಯುತ್ತದೆ. ಗಂಡುಮಕ್ಕಳಿಗೂ ಈ ಸಂಕೋಚವಿರುತ್ತದೆ, ಅವರು ಅದನ್ನು ಸಿಟ್ಟಿನಲ್ಲಿ ಮುಚ್ಚಿಡುತ್ತಾರೆ.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾಗದು. ಊಟ ಮಾಡದ, ರಚ್ಚೆಹಿಡಿದ ಎಳೆಯ ಮಕ್ಕಳನ್ನು "ಡಾಕ್ಟರ ಹತ್ತಿರ ಸೂಜಿ ಹಾಕಿಸುತ್ತೇನೆ" ಎಂದು ಬೆದರಿಸುವ ಅಭ್ಯಾಸವು ನಮ್ಮಲ್ಲಿ ಮನೆಮನೆಗೂ ಇದೆ. ಸೂಜಿಯನ್ನು ಶಿಕ್ಷೆಯೆಂದು ಹತ್ತು ವರ್ಷ ಕಲಿಸಿ, ಹನ್ನೊಂದನೆಯ ವರ್ಷ ಅದೇ ಸೂಜಿಯನ್ನು ರಕ್ಷಣೆಯೆಂದರೆ ಮಗು ನಂಬೀತೆ?

ಮೈಗೆ ಒಗ್ಗದಿದ್ದರೆ ಎಂಬ ಭಯ

ಪೆನಿಸಿಲಿನ್ ಕೆಲವರ ಮೈಗೆ ಒಗ್ಗುವುದಿಲ್ಲವೆಂಬುದು ನಿಜ. ಈ ಭಯದಿಂದ ಮನೆಯವರು ಹಿಂಜರಿಯುವುದು ಮಾತ್ರವಲ್ಲ, ಕೆಲವೆಡೆ ಆಸ್ಪತ್ರೆಯವರೂ ಚುಚ್ಚುಮದ್ದು ಕೊಡಲು ಹಿಂದೆಗೆದು ರೋಗಿಯನ್ನು ಬೇರೆಡೆಗೆ ಕಳುಹಿಸುವುದುಂಟು. ಆದುದರಿಂದ ಭಯದ ಅಳತೆಯನ್ನು ತಿಳಿದಿರುವುದು ಒಳ್ಳೆಯದು. 1991ರಲ್ಲಿ ಪ್ರಕಟವಾದ, ಹಲವು ದೇಶಗಳ 1,790 ರೋಗಿಗಳ ಅಧ್ಯಯನದಲ್ಲಿ ಒಟ್ಟು 32,430 ಚುಚ್ಚುಮದ್ದುಗಳನ್ನು ಕೊಡಲಾಗಿತ್ತು. ತೀವ್ರ ಸ್ವರೂಪದ ಒಗ್ಗದಿಕೆಯು ನಾಲ್ಕು ಸಲ ಕಂಡುಬಂದಿತು, ಒಬ್ಬರು ಮೃತಪಟ್ಟರು. ಅಪಾಯವಿಲ್ಲವೆಂದು ನಾವು ಹೇಳುವುದಿಲ್ಲ. ಅಪಾಯವು ಅತಿ ವಿರಳ. ಚುಚ್ಚುಮದ್ದಿಲ್ಲದೆ ಕವಾಟ ಕೆಡುವ ಅಪಾಯವು ಅದಕ್ಕಿಂತ ಬಹಳ ದೊಡ್ಡದು.

ಹಿಂದೆ ಯಾವ ಮದ್ದಿನಿಂದಾದರೂ ದದ್ದು, ತುಟಿಯ ಊತ, ಉಸಿರುಕಟ್ಟುವಿಕೆ ಆಗಿದ್ದರೆ ಮೊದಲೇ ತಿಳಿಸಿರಿ. ಒಗ್ಗದವರಿಗೆ ಕೊಡಲು ಬೇರೆ ಮಾತ್ರೆಗಳಿವೆ. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಕೇಂದ್ರದಲ್ಲಿಯೇ ಕುಳಿತಿರಬೇಕು; ಬಸ್ಸು ಬಂದಿತೆಂದು ಓಡಬಾರದು. ಹರೆಯದ ಮಕ್ಕಳು ಭಯದಿಂದ ತಲೆತಿರುಗಿ ಬೀಳುವುದನ್ನು ಅನೇಕರು ಮದ್ದಿನ ದೋಷವೆಂದು ಭಾವಿಸುತ್ತಾರೆ. ಬೆಳಗಿನ ತಿಂಡಿ ತಿಂದು, ನೀರು ಕುಡಿದು ಬಂದು, ಮಲಗಿಕೊಂಡೇ ಚುಚ್ಚಿಸಿಕೊಂಡರೆ ಈ ತಲೆತಿರುಗು ಬಹುಮಟ್ಟಿಗೆ ತಪ್ಪುತ್ತದೆ. ಹೃದಯವು ಈಗಾಗಲೇ ಬಹಳ ದುರ್ಬಲವಾಗಿ, ನಡೆದರೆ ಏದುಸಿರು ಬರುವ ರೋಗಿಗಳ ವಿಷಯ ಬೇರೆ. ಅವರಿಗೆ ಚುಚ್ಚುಮದ್ದಿನ ಬದಲು ದಿನಕ್ಕೆ ಎರಡು ಸಲದ ಪೆನಿಸಿಲಿನ್ ಮಾತ್ರೆಗಳನ್ನು ಯೋಚಿಸಬೇಕೆಂದು ಅಮೆರಿಕದ ಹೃದ್ರೋಗ ಸಂಘವು 2022ರಲ್ಲಿ ಸಲಹೆ ಮಾಡಿದೆ. ಈ ನಿರ್ಧಾರ ಹೃದ್ರೋಗ ತಜ್ಞರಿಗೆ ಸೇರಿದ್ದು. ಹಾಗಾದರೆ ಎಲ್ಲರಿಗೂ ಮಾತ್ರೆಯನ್ನೇ ಏಕೆ ಕೊಡಬಾರದು? ವರ್ಷಕ್ಕೆ 17 ದಿನಗಳನ್ನು ನೆನಪಿಟ್ಟುಕೊಳ್ಳಲಾಗದ ಮನೆಯಲ್ಲಿ ವರ್ಷಕ್ಕೆ 730 ಮಾತ್ರೆಗಳನ್ನು ತಪ್ಪದೆ ನುಂಗಿಸುವುದು ಇನ್ನೂ ಕಷ್ಟ.

ದಿನವನ್ನು ನೆನಪಿಡುವ ಬಗೆ

'ತಿಂಗಳಿಗೊಂದು ಸೂಜಿ' ಎಂದು ಹಳ್ಳಿಗಳಲ್ಲಿ ಹೇಳುವ ರೂಢಿ. ಇದರಿಂದ ತಪ್ಪು ಪ್ರಾರಂಭವಾಗುತ್ತದೆ. ತಿಂಗಳಿಗೊಂದಾದರೆ ವರ್ಷಕ್ಕೆ 12, ಬೇಕಾದುದು 17. ಉಳಿದ ಐದು ಸಲದ ರಕ್ಷಣೆಯು ಲೆಕ್ಕದ ತಪ್ಪಿನಿಂದಲೇ ಕೈಬಿಡುತ್ತದೆ. ಇಪ್ಪತ್ತೊಂದು ದಿನಗಳೆಂದರೆ ಸರಿಯಾಗಿ ಮೂರು ವಾರ; ಮೊದಲ ಚುಚ್ಚುಮದ್ದು ಗುರುವಾರವಾದರೆ ಮುಂದಿನವೆಲ್ಲವೂ ಗುರುವಾರವೇ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರವಿರುವ ಊರಿನ ಸಂತೆಯ ದಿನ ಮೊದಲ ಚುಚ್ಚುಮದ್ದನ್ನು ಹಾಕಿಸಿದರೆ, ಪ್ರತಿ ಮೂರನೆಯ ಸಂತೆಗೆ ಮುಂದಿನದು ಬರುತ್ತದೆ. ಹೇಗೂ ಸಂತೆಗೆ ಹೋಗಬೇಕು. ಬೇರೆ ಕೂಲಿ ಕಳೆದುಕೊಳ್ಳಬೇಕಾಗಿಲ್ಲ, ಬೇರೆ ಬಸ್ಸು ಹಣವೂ ಬೇಡ. ಶಾಲೆಯ ಮಕ್ಕಳಿಗೆ ಶನಿವಾರದ ಅರ್ಧ ದಿನ ಅನುಕೂಲವಾಗಬಹುದು. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷದ 17 ದಿನಗಳಿಗೂ ಮೊದಲೇ ಗುರುತು ಹಾಕಿಡಿರಿ, ಗುರುತು ಹಾಕುವ ಕೆಲಸವನ್ನು ಮಗುವಿಗೇ ವಹಿಸಿರಿ. ಮೊಬೈಲು ಫೋನಿನಲ್ಲಿ ನೆನಪಿನ ಗಂಟೆ ಇಡಲು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಮದ್ದು ದಾಸ್ತಾನಿನಲ್ಲಿದೆಯೆ ಎಂದು ಒಂದೆರಡು ದಿನ ಮೊದಲೇ ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿಕೊಳ್ಳುವುದು ಲೇಸು. ಹತ್ತಾರು ಕಿಲೋಮೀಟರು ಬಂದು ಬರಿಗೈಯಲ್ಲಿ ಹಿಂದಿರುಗಿದ ಮಗುವು ಮುಂದಿನ ಸಲ ಹೊರಡಲು ಒಪ್ಪುವುದಿಲ್ಲ. ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ಒಂದು ಸಲ ತಪ್ಪಿದರೆ? ಎಸ್.ಎಸ್.ಎಲ್.ಸಿ. ಪರೀಕ್ಷೆ ಬಂದಿತು, ಜಾತ್ರೆ ಬಂದಿತು, ಸುಗ್ಗಿ ಬಂದಿತು, ದಿನ ಮೀರಿಹೋಯಿತು. ಇಲ್ಲಿ ಅನೇಕರು ಮಾಡುವ ದೊಡ್ಡ ತಪ್ಪೆಂದರೆ, ನಿಯಮ ಮುರಿಯಿತೆಂದು, ಡಾಕ್ಟರು ಬೈಯುತ್ತಾರೆಂದು ಅಲ್ಲಿಗೇ ನಿಲ್ಲಿಸಿಬಿಡುವುದು. ಮೀರಿದ ಮರುದಿನವೇ ಹೋಗಿ ಹಾಕಿಸಿ, ಆ ದಿನದಿಂದ 21 ಎಣಿಸತಕ್ಕದ್ದು. ಹಲವು ತಿಂಗಳು ಬಿಟ್ಟುಹೋಗಿದ್ದರೂ ಸರಿಯೆ, ವೈದ್ಯರ ಮುಂದೆ ಮುಚ್ಚಿಡದೆ ಹೇಳಿ ಪುನಃ ಆರಂಭಿಸಿರಿ. ಸುಳ್ಳು ಹೇಳಿದರೆ, ಮದ್ದು ಪಡೆದರೂ ಕಾಯಿಲೆ ಹೆಚ್ಚಿತೆಂದು ವೈದ್ಯರು ತಪ್ಪಾಗಿ ಎಣಿಸುವರು.

ಕೈಯಿಂದ ಕೈಗೆ

ಆರೇಳು ವರ್ಷದ ಮಗುವನ್ನು ತಾಯಿಯು ಎತ್ತಿಕೊಂಡು ಹೋಗುತ್ತಾಳೆ. ಹನ್ನೊಂದರ ಮಗುವನ್ನು ಕೈಹಿಡಿದು ನಡೆಸುತ್ತಾಳೆ. ಹದಿನಾರರ ಮಗನ ಕೈಹಿಡಿದು ನಡೆಸುವುದು ಸಾಧ್ಯವಿಲ್ಲ, ಯೋಗ್ಯವೂ ಅಲ್ಲ. ಈ ಔಷಧದ ಸರಪಣಿಯು ಅತಿ ಹೆಚ್ಚಾಗಿ ತುಂಡಾಗುವುದು ಈ ವಯಸ್ಸಿನಲ್ಲಿಯೇ. ತಾಯಿ ನಡೆಸುವುದನ್ನು ನಿಲ್ಲಿಸಿರುತ್ತಾಳೆ, ಮಗ ತಾನೇ ಹೋಗಲು ಇನ್ನೂ ಕಲಿತಿರುವುದಿಲ್ಲ. ಅದೇ ಹೊತ್ತಿಗೆ ಪಿ.ಯು. ಕಾಲೇಜಿಗೆಂದು ಹಾಸ್ಟೆಲು ಸೇರುತ್ತಾನೆ, ಅಥವಾ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೋ ಗೋವೆಗೋ ಹೊರಡುತ್ತಾನೆ. ಕಾರ್ಡು ಮನೆಯ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ.

ಈ ಹಸ್ತಾಂತರವನ್ನು ಹದಿಮೂರನೆಯ ವಯಸ್ಸಿನಿಂದಲೇ ಹಂತಹಂತವಾಗಿ ಮಾಡುವುದು ಜಾಣತನ. ಮೊದಲು ದಿನಾಂಕ ಎಣಿಸುವ ಕೆಲಸ ಮಗುವಿನದು, ಜೊತೆಗೆ ಹೋಗುವುದು ನಿಮ್ಮದು. ಆಮೇಲೆ ವೈದ್ಯರೊಡನೆ ಮಾತನಾಡುವುದೂ ಮಗುವಿನದು. ನೀವು ಹೊರಗೆ ಬೆಂಚಿನ ಮೇಲೆ ಕುಳಿತಿರಿ. ಅನಂತರ ಗೆಳೆಯನೊಬ್ಬನ ಜೊತೆ ಹೋಗಿಬರಲಿ, ನೀವು ಸಂಜೆ ಕಾರ್ಡನ್ನು ನೋಡಿದರೆ ಸಾಕು. ಕಾರ್ಡನ್ನು ನೋಡುವುದನ್ನು ಮಾತ್ರ ಬಿಡಬಾರದು. ತನ್ನ ರೋಗದ ಹೆಸರು, ಮದ್ದಿನ ಹೆಸರು ಮತ್ತು ಪ್ರಮಾಣ, ಯಾವ ವಯಸ್ಸಿನವರೆಗೆ, ಈ ನಾಲ್ಕನ್ನು ಹರೆಯದ ಪ್ರತಿಯೊಬ್ಬ ರೋಗಿಯೂ ಬಾಯಿಪಾಠವಾಗಿ ಹೇಳಬಲ್ಲವನಾಗಿರಬೇಕು. ಊರು ಬಿಟ್ಟು ಹೋಗುವಾಗ ಕಾರ್ಡಿನ ಚಿತ್ರವೊಂದು ಫೋನಿನಲ್ಲಿರಲಿ. ಹಾಸ್ಟೆಲಿನ ಮೇಲ್ವಿಚಾರಕರಿಗೆ ತಂದೆಯು ಖುದ್ದಾಗಿ ತಿಳಿಸುವುದು ಅಗತ್ಯ. ಹುಡುಗನು ತಾನಾಗಿ ಹೇಳಿಕೊಳ್ಳುವುದಿಲ್ಲ.

ನಮ್ಮ ರಾಜ್ಯದಲ್ಲಿ ದೊರೆಯುವ ಸಹಾಯವನ್ನೂ ತಿಳಿದಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಶಾಲೆಗಳಿಗೆ ಬರುವ ವೈದ್ಯರ ತಂಡವು 18 ವರ್ಷದವರೆಗಿನ ಮಕ್ಕಳಲ್ಲಿ ಈ ಹೃದ್ರೋಗದ ಲಕ್ಷಣಗಳನ್ನೂ ಪರೀಕ್ಷಿಸುತ್ತದೆ. ಹೆಚ್ಚಿನ ತಪಾಸಣೆಗೆ ಬೆಂಗಳೂರು, ಮೈಸೂರು ಮತ್ತು ಕಲಬುರಗಿಗಳಲ್ಲಿ ಜಯದೇವ ಹೃದ್ರೋಗ ಸಂಸ್ಥೆಯಿದೆ.

ಮದುವೆ, ಮರೆ ಮತ್ತು ಬಸಿರು

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಹುಡುಗಿಗೆ ಹನ್ನೊಂದರಲ್ಲಿ ಕೀಲುವಾತಜ್ವರ ಬಂದಿತು, ಹೃದಯಕ್ಕೂ ಅಲ್ಪ ಪೆಟ್ಟಾಯಿತು. ಆರು ವರ್ಷ ತಪ್ಪದೆ ಚುಚ್ಚುಮದ್ದು ನಡೆಯಿತು. ಹದಿನೇಳರಲ್ಲಿ ಸಂಬಂಧಗಳನ್ನು ನೋಡಲಾರಂಭಿಸಿದರು. "ಹುಡುಗಿಗೆ ಹಾರ್ಟಿನ ತೊಂದರೆಯಂತೆ" ಎಂಬ ಮಾತು ಊರಿನಲ್ಲಿ ಹರಡಿದರೆ ಯಾರು ಕೇಳಿಕೊಂಡು ಬಂದಾರು? ಅಜ್ಜಿಯು ಹೇಳಿದಳು, ಹೇಗೂ ಚೆನ್ನಾಗಿದ್ದಾಳೆ, ಸಾಕುಮಾಡಿ ಎಂದು. ಆರೋಗ್ಯ ಕೇಂದ್ರದ ಕಡೆ ಹೋಗುವುದೇ ನಿಂತಿತು. ಹತ್ತೊಂಬತ್ತರಲ್ಲಿ ಮದುವೆಯಾಯಿತು, ಗಂಡನಿಗೆ ಏನೂ ತಿಳಿಯದು. ಅವಳಿಗೂ ತನಗೆ ಬಾಲ್ಯದಲ್ಲಿ ಮಂಡಿನೋವು ಇತ್ತೆಂಬುದಕ್ಕಿಂತ ಹೆಚ್ಚು ತಿಳಿಯದು. ಬಸಿರಿನ ಐದನೆಯ ತಿಂಗಳು ಮುಗಿಯುತ್ತಿದ್ದಂತೆ ನೀರಿನ ಕೊಡ ಹೊತ್ತರೆ ಏದುಸಿರು. ರಾತ್ರಿ ಮಲಗಿದರೆ ಉಸಿರುಕಟ್ಟಿ ಎದ್ದು ಕೂರಬೇಕು. ಬಸುರಿಯರಿಗೆ ಇದೆಲ್ಲ ಸಹಜವೆಂದು ಅತ್ತೆ ಹೇಳಿದಳು.

ಇದರಲ್ಲಿ ಯಾರೂ ಕೆಟ್ಟವರಿಲ್ಲ. ಪ್ರತಿಯೊಬ್ಬರೂ ಅವಳ ಹಿತವನ್ನೇ ಬಯಸಿದ್ದರು. ಆದರೆ ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣವು ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಕಿರಿದಾದ ಕವಾಟವು ಅಷ್ಟು ರಕ್ತವನ್ನು ದಾಟಿಸಲಾರದೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ತಾಯಿ, ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಸಕಾಲದಲ್ಲಿ ದೊಡ್ಡ ಆಸ್ಪತ್ರೆ ಸೇರಿದರೆ ಔಷಧಗಳಿಂದಲೂ, ಅಗತ್ಯವಾದರೆ ಬಲೂನಿನಿಂದ ಕವಾಟವನ್ನು ಹಿಗ್ಗಿಸುವ ಚಿಕಿತ್ಸೆಯಿಂದಲೂ ಅವಳನ್ನು ಉಳಿಸಬಹುದು.

ಈ ಪುಸ್ತಿಕೆಯನ್ನು ಓದುತ್ತಿರುವ ಸೋದರಿಯೇ, ಬಾಲ್ಯದಲ್ಲಿ ನಿಮಗೆ ಮೂರು ವಾರಗಳಿಗೊಮ್ಮೆ ಸೂಜಿ ಹಾಕಿಸುತ್ತಿದ್ದರೆ? ಮದುವೆಯ ಹೊತ್ತಿಗೆ ಅದು ನಿಂತುಹೋಯಿತೆ? ಹಾಗಿದ್ದರೆ ಪತಿಗೆ ತಿಳಿಸಿರಿ, ಇಬ್ಬರೂ ಕೂಡಿ ವೈದ್ಯರನ್ನು ಕಾಣಿರಿ. ಗರ್ಭ ಧರಿಸುವ ಮೊದಲೇ ಎಕೋ ಪರೀಕ್ಷೆಯಾದರೆ ಎಲ್ಲಕ್ಕಿಂತ ಉತ್ತಮ. ಕವಾಟದ ದೋಷವಿರುವವರಿಗೆ ಎಲ್ಲ ಬಗೆಯ ಗರ್ಭನಿರೋಧಕ ಮಾತ್ರೆಗಳೂ ಹೊಂದುವುದಿಲ್ಲವಾದ್ದರಿಂದ ಅಂತರದ ವಿಧಾನವನ್ನು ಆರಿಸಿಕೊಳ್ಳುವಾಗಲೂ ಹೃದಯದ ವಿಷಯವನ್ನು ಹೇಳಬೇಕು. ಈಗಾಗಲೇ ಗರ್ಭಿಣಿಯಾಗಿದ್ದರೆ ತಡಮಾಡದೆ ತಾಯಿ ಕಾರ್ಡಿನಲ್ಲಿ ಈ ವಿಷಯವನ್ನು ಬರೆಸಿರಿ. ಪೆನಿಸಿಲಿನ್ ಚುಚ್ಚುಮದ್ದು ಗರ್ಭಕ್ಕೆ ಹಾನಿಕರವಲ್ಲ. ಎದೆಹಾಲು ಉಣಿಸುವಾಗಲೂ ಮುಂದುವರಿಸಬಹುದು. ಎಳೆಯ ಮಕ್ಕಳಿರುವ ಮನೆಯಲ್ಲಿ ಗಂಟಲುಬೇನೆ ಪದೇಪದೇ ಬರುವುದರಿಂದ ಹೊಸ ತಾಯಿಗೆ ಅದು ಹೆಚ್ಚು ಅವಶ್ಯಕ.

ಪತಿಯಾದವರಿಗೂ ಒಂದು ಮಾತು. ಹೆಂಡತಿಯು ಇಂತಹ ವಿಷಯವನ್ನು ತಿಳಿಸಿದಾಗ, ಮೊದಲೇ ಏಕೆ ಹೇಳಲಿಲ್ಲವೆಂದು ಜಗಳಕ್ಕೆ ನಿಂತರೆ ಮುಂದೆ ಅವಳು ಏದುಸಿರನ್ನೂ ಮುಚ್ಚಿಡುವಳು. ಮೊದಲ ದಿನ ನೀವೇ ಜೊತೆಯಲ್ಲಿ ಹೋಗಿ, ಚುಚ್ಚಿಸಿಕೊಂಡ ಮೇಲಿನ ಅರ್ಧ ಗಂಟೆ ಪಕ್ಕದಲ್ಲಿ ಕುಳಿತಿರಿ. ಬಾಣಂತನಕ್ಕೆ ಅವಳು ತವರಿಗೆ ಹೊರಡುವಾಗ ಕಾರ್ಡನ್ನು ಚೀಲದಲ್ಲಿಟ್ಟಿದ್ದಾಳೆಯೆ ಎಂದು ನೋಡಿ, ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಮುಂದಿನ ದಿನಾಂಕವನ್ನು ಬರೆಸತಕ್ಕದ್ದು.